ಬೆಂಗಳೂರಿಂದ ಶಿವಮೊಗ್ಗಕ್ಕೆ: ನಾವು ಊರು ಆರಿಸಿದ ಬಗೆ

ಊರು ನೋಡೋಕೆ ಹೋಗೋದಾದ್ರೆ ಜುಲೈಯಲ್ಲಿ ಹೋಗಿ, ಇಲ್ಲವೇ ಏಪ್ರಿಲ್‌ನಲ್ಲಿ ಹೋಗಿ. ಡಿಸೆಂಬರ್‌ನಲ್ಲಿ ಮಾತ್ರ ಬೇಡ. ಡಿಸೆಂಬರ್‌ನಲ್ಲಿ ಯಾವ ಊರಾದ್ರೂ ಚೆನ್ನಾಗೇ ಕಾಣುತ್ತದೆ. ಕೆರೆಯಲ್ಲಿ ನೀರಿರುತ್ತದೆ, ಬಿಸಿಲು ಹಿತವಾಗಿರುತ್ತದೆ, ಗೋಡೆ ಒಣಗಿರುತ್ತದೆ. ಬೆಂಗಳೂರು ಬಿಡೋಣ ಅಂತ ಮನೆಯಲ್ಲಿ ಮಾತಾದಾಗ ನಾವು ಮೊದಲು ಹಾಕಿಕೊಂಡ ನಿಯಮ ಇದು. ಒಂದು ಊರಿಗೆ ಯಾವ ತಿಂಗಳು ಕಷ್ಟವೋ, ಆ ತಿಂಗಳಲ್ಲೇ ಅದನ್ನು ನೋಡಬೇಕು.

ನಾವು ನಾಲ್ಕು ಜನ. ನಮ್ಮ ಯಜಮಾನರದು ಸಾಫ್ಟ್‌ವೇರ್ ಕೆಲಸ. ಮನೆಯಿಂದಲೇ ಮಾಡಬಹುದು, ಆದರೆ ಆಗಾಗ ಬೆಂಗಳೂರಿನ ಆಫೀಸಿಗೆ ಹೋಗಲೇಬೇಕು. ನಾನು ಸಣ್ಣ ಅಂಗಡಿಗಳವರ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಹಾಕಿಕೊಡುತ್ತೇನೆ. ಮಗಳು ಹೈಸ್ಕೂಲಿಗೆ ಬರುವ ವಯಸ್ಸು. ಅತ್ತೆಯ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದೆ, ಸಕ್ಕರೆ ಕಾಯಿಲೆಯೂ ಇದೆ. ನಮ್ಮ ಪಟ್ಟಿಯಲ್ಲಿ ಇದ್ದದ್ದು ಮೈಸೂರು, ಧಾರವಾಡ, ಸಾಗರ, ಶಿವಮೊಗ್ಗ.

ಮೈಸೂರಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ಆಸ್ಪತ್ರೆ, ಶಾಲೆ, ರೈಲು ಯಾವುದಕ್ಕೂ ಅಲ್ಲಿ ಕೊರತೆ ಇಲ್ಲ. ವಾರಕ್ಕೆರಡು ಸಲ ಬೆಂಗಳೂರಿಗೆ ಓಡಾಡಬೇಕಾದವರಿಗೆ ಅದಕ್ಕಿಂತ ಒಳ್ಳೆ ಊರು ಇಲ್ಲ. ಆದರೆ 2023ರಲ್ಲಿ ಹೊಸ ಹೆದ್ದಾರಿ ಉದ್ಘಾಟನೆ ಆದ ಮೇಲೆ ನಮ್ಮಂಥವರೆಲ್ಲ ಅತ್ತಲೇ ನೋಡುತ್ತಿದ್ದಾರೆ. ನಮಗೆ ಹಿಡಿಸಿದ ಬಡಾವಣೆಗಳಲ್ಲಿ ಬಾಡಿಗೆ ಕೇಳಿದರೆ ಬೆಂಗಳೂರಿಗೂ ಅದಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಇನ್ನೂ ಚಿಕ್ಕ ಊರು ಬೇಕು ಅನ್ನಿಸಿತು.

ಧಾರವಾಡ ನನಗೆ ತುಂಬಾ ಇಷ್ಟವಾದ ಊರು. ಓದುವ ಮಕ್ಕಳಿಗೆ ಅಂಥ ವಾತಾವರಣ ಬೇರೆಲ್ಲೂ ಸಿಗೋದು ಕಷ್ಟ. ವಿಶ್ವವಿದ್ಯಾಲಯ ಇದೆ, ಕೃಷಿ ವಿಶ್ವವಿದ್ಯಾಲಯ ಇದೆ, ಐಐಟಿಯೂ ಬಂದಿದೆ. 2023ರಿಂದ ಬೆಂಗಳೂರಿಗೆ ವಂದೇ ಭಾರತ್ ರೈಲೂ ಇದೆ. ಅಲ್ಲಿಗೆ ನಾವು ಹೋದದ್ದು ಬೇಸಿಗೆಯಲ್ಲಿ. ಮನೆ ತೋರಿಸಿದ ಅಜ್ಜಿಯನ್ನು ನಾನು ಮೊದಲು ಕೇಳಿದ್ದೇ ನೀರಿನ ಬಗ್ಗೆ. ಅವರು ಸುಮ್ನೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಸಂಪು, ಮೇಲೆ ಸಿಂಟೆಕ್ಸ್ ಟ್ಯಾಂಕು, ಅದರ ಪಕ್ಕ ಮುಚ್ಚಳ ಹಾಕಿದ ಸಾಲು ಡ್ರಮ್ಮು. "ನಳಾ ಬಂದ ದಿನಾ ಮನ್ಯಾಗ ಒಬ್ರು ಇರಾಕ ಬೇಕ್ರಿ" ಅಂದರು. ಮಲಪ್ರಭೆಯಿಂದ ಬರುವ ನೀರು ಎಲ್ಲ ಓಣಿಗೂ ದಿನಾ ಬರೋದಿಲ್ಲ. ಬಡಾವಣೆ ನೋಡಿ ಆರಿಸಿದರೆ ಇದಕ್ಕೆ ದಾರಿ ಇದೆ. ಆದರೂ ರೈಲಿನಲ್ಲಿ ಆರು ಗಂಟೆ ಮೀರುವ ದೂರ, ಹತ್ತಿರದ ನೆಂಟರು ಯಾರೂ ಇಲ್ಲ. ಅತ್ತೆ ಬೇಡ ಅಂದರು, ನಾವು ಒತ್ತಾಯ ಮಾಡಲಿಲ್ಲ.

ಉಳಿದದ್ದು ಸಾಗರ, ಶಿವಮೊಗ್ಗ. ಅತ್ತೆ ಹುಟ್ಟಿದ್ದು ಸೊರಬದ ಕಡೆ. ಸಾಗರ ಅಂದರೆ ಅವರಿಗೆ ತವರಿದ್ದ ಹಾಗೆ. ಊರು ಚಿಕ್ಕದು, 2011ರ ಜನಗಣತಿಯಲ್ಲಿ 50 ಸಾವಿರ ಚಿಲ್ಲರೆ ಜನ. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಡೆದೇ ಹೋಗಬಹುದು. ಪಕ್ಕದ ಹೆಗ್ಗೋಡಿನಲ್ಲಿ ನೀನಾಸಂ ಇದೆ, ಮಗಳಿಗೆ ನಾಟಕದ ಹುಚ್ಚು. ನಮ್ಮ ಮನಸ್ಸು ಮುಕ್ಕಾಲು ಪಾಲು ಅಲ್ಲೇ ನಿಂತಿತ್ತು.

ಒಂದು ಊರಿನಲ್ಲಿ ಚಿಕಿತ್ಸೆಯ ಅನುಕೂಲ ಹೇಗಿದೆ ಅಂತ ತಿಳಿಯೋಕೆ ಆಸ್ಪತ್ರೆಗೆ ಹೋಗಿ ಕೇಳಿದರೆ ಸಾಲದು. ಸಂಜೆ ಹೊತ್ತು ಮೆಡಿಕಲ್ ಶಾಪಿನಲ್ಲಿ ನಿಲ್ಲಬೇಕು. ನಾನು ಪ್ರತಿ ಊರಿನಲ್ಲೂ ಇದನ್ನೇ ಮಾಡಿದೆ. ಅತ್ತೆಯ ಮಾತ್ರೆ ಚೀಟಿ ಕೊಟ್ಟು, ಇದರಲ್ಲಿ ಯಾವುದು ಈಗಲೇ ಇದೆ, ಯಾವುದು ತರಿಸಬೇಕು ಅಂತ ಕೇಳುತ್ತಿದ್ದೆ. ಸಾಗರದ ಅಂಗಡಿಯವರು ಚೀಟಿ ಪೂರ್ತಿ ಓದಿದರು. ಎಲ್ಲ ಮಾತ್ರೆ ಅವರಲ್ಲೇ ಇತ್ತು. ಆಮೇಲೆ ತಾವಾಗೇ ಹೇಳಿದರು: "ಮಾತ್ರೆಗೆ ಯೋಚನೆ ಮಾಡ್ಬೇಡಿ ಅಕ್ಕಾ. ಆದ್ರೆ ಎದೆನೋವು ಅಂತ ಬಂದ್ರೆ ಇಲ್ಲಿ ಮೊದಲು ನೋಡಿ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಕಳಿಸ್ತಾರೆ. ಅದಕ್ಕೆ ನೀವು ರೆಡಿ ಇರ್ಬೇಕು." ಶಿವಮೊಗ್ಗಕ್ಕೆ ಅಲ್ಲಿಂದ 70 ಕಿ.ಮೀ ಮೇಲಾಗುತ್ತದೆ. ಜುಲೈಯ ಮಳೆಯಲ್ಲಿ, ರಾತ್ರಿ ಹೊತ್ತು, ಮರ ಬಿದ್ದ ರಸ್ತೆಯಲ್ಲಿ ಆ ದೂರ ಎಷ್ಟಾಗುತ್ತದೆ ಅಂತ ನಮ್ಮ ಯಜಮಾನರು ಆ ಸಂಜೆ ಲೆಕ್ಕ ಹಾಕಿದರು. ಅತ್ತೆಗೆ ಸ್ಟೆಂಟ್ ಇಲ್ಲದಿದ್ದರೆ ನಾವು ಇವತ್ತು ಸಾಗರದಲ್ಲೇ ಇರುತ್ತಿದ್ದೆವು. ಆರೋಗ್ಯವಾಗಿರುವ, ನಲವತ್ತರ ಒಳಗಿನ ಜೋಡಿ ಯಾರಾದರೂ ಕೇಳಿದರೆ ಈಗಲೂ ಸಾಗರವನ್ನೇ ಹೇಳುತ್ತೇನೆ.

ಶಿವಮೊಗ್ಗದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಅದಕ್ಕೆ ಸೇರಿದ ಮೆಗ್ಗಾನ್ ಆಸ್ಪತ್ರೆ ಇದೆ. ಆಂಜಿಯೋಪ್ಲಾಸ್ಟಿ ಮಾಡುವ ಖಾಸಗಿ ಆಸ್ಪತ್ರೆ ಊರೊಳಗೇ ಇದೆ. ಬೋರ್ಡಿನಲ್ಲಿ ಹೃದ್ರೋಗ ವಿಭಾಗ ಅಂತ ಬರೆದಿದ್ದರೆ ಅಷ್ಟಕ್ಕೆ ನಂಬಿ ಬರಬೇಡಿ. ರಾತ್ರಿ ಎರಡು ಗಂಟೆಗೆ ಬಂದರೆ ಕ್ಯಾಥ್ ಲ್ಯಾಬ್ (ಆಂಜಿಯೋಪ್ಲಾಸ್ಟಿ ಮಾಡುವ ಕೋಣೆ) ತೆಗೆಯುತ್ತಾರಾ, ಡಾಕ್ಟರ್ ಊರಲ್ಲೇ ಇರುತ್ತಾರಾ, ನಿಮ್ಮ ಇನ್ಷೂರೆನ್ಸ್ ಕ್ಯಾಶ್‌ಲೆಸ್ ನಡೆಯುತ್ತಾ, ಈ ಮೂರನ್ನೂ ರಿಸೆಪ್ಷನ್‌ನಲ್ಲಿ ಬಾಯಿಬಿಟ್ಟು ಕೇಳಿ. ಉತ್ತರ ತಡವರಿಸಿದರೆ ಪಕ್ಕದ ಆಸ್ಪತ್ರೆಗೆ ಹೋಗಿ ಕೇಳಿ.

ರೈಲೂ ನಮಗೆ ಅನುಕೂಲವಾಯಿತು. ಬೆಳಗಿನ ಜಾವ ಜನಶತಾಬ್ದಿ ಹತ್ತಿದರೆ ಆಫೀಸಿನ ಹೊತ್ತಿಗೆ ಬೆಂಗಳೂರು. ಸಂಜೆ ಅದೇ ರೈಲಿನಲ್ಲಿ ವಾಪಸ್ ಬಂದರೆ ಮಲಗುವ ಹೊತ್ತಿಗೆ ಮನೆ. 2023ರಲ್ಲಿ ಸೋಗಾನೆಯ ವಿಮಾನ ನಿಲ್ದಾಣವೂ ಶುರುವಾಯಿತು. ಆದರೆ ನಾವು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ದಿನಕ್ಕೆ ಎಷ್ಟೋ ಬಸ್ಸು, ಹಲವು ರೈಲು ಇರುವ ಊರನ್ನು ನಂಬಬಹುದು. ಒಂದೆರಡು ವಿಮಾನ ನಂಬಿ ಮನೆ ಬದಲಾಯಿಸೋದು ನನಗೆ ಸರಿ ಕಾಣೋದಿಲ್ಲ.

ಮಳೆಯ ಬಗ್ಗೆ ಹೊರಗಿನವರಿಗೆ ತಪ್ಪು ಕಲ್ಪನೆ ಜಾಸ್ತಿ. ಆಗುಂಬೆ ಇದೇ ಜಿಲ್ಲೆಯಲ್ಲಿದೆ, ಅಲ್ಲಿ ವರ್ಷಕ್ಕೆ 7000 ಮಿ.ಮೀ ಮೀರಿ ಮಳೆ ಬೀಳುತ್ತದೆ. ಹಾಗಂತ ಶಿವಮೊಗ್ಗ ಪೇಟೆಯಲ್ಲಿ ಅಷ್ಟು ಮಳೆ ಇಲ್ಲ, ಅದರಲ್ಲಿ ಸಣ್ಣ ಪಾಲು ಅಷ್ಟೇ. ಇದು ಮಲೆನಾಡಿನ ಬಾಗಿಲು, ಒಳಮನೆ ಅಲ್ಲ. ಏಪ್ರಿಲ್‌ನಲ್ಲಿ ಸೆಕೆ ಚೆನ್ನಾಗೇ ಇರುತ್ತದೆ, ಬೆಂಗಳೂರಿನವರಿಗೆ ಮೊದಲ ಬೇಸಿಗೆ ಕಷ್ಟವಾಗುತ್ತದೆ. ಜುಲೈಯಲ್ಲಿ ಬಾಡಿಗೆ ಮನೆ ನೋಡುವಾಗ ನಾನು ಹಾಲ್ ನೋಡುತ್ತಿರಲಿಲ್ಲ. ಬೆಡ್‌ರೂಮಿನ ಬೀರು ತೆಗೆದು ಮೂಸುತ್ತಿದ್ದೆ. ಮಂಚದ ಹಿಂದಿನ ಗೋಡೆಗೆ ಅಂಗೈ ಒತ್ತಿ ನೋಡುತ್ತಿದ್ದೆ. ಒಂದು ಮನೆಯಲ್ಲಿ ಹೊಸ ಸುಣ್ಣ ಬಳಿದ ಗೋಡೆ ತಣ್ಣಗೆ ಒದ್ದೆಯಾಗಿತ್ತು, ಸ್ವಿಚ್ ಬೋರ್ಡಿನ ಸುತ್ತ ಬೂಷ್ಟು ಹಿಡಿದಿತ್ತು. ಡಿಸೆಂಬರ್‌ನಲ್ಲಿ ಬಂದಿದ್ದರೆ ಆ ಮನೆಯೇ ಎಲ್ಲಕ್ಕಿಂತ ಚಂದ ಕಾಣುತ್ತಿತ್ತು.

ಇನ್ನೊಂದು ಪ್ರಶ್ನೆಯನ್ನು ಶಿವಮೊಗ್ಗದಲ್ಲಿ ಮನೆ ನೋಡುವವರು ಬಿಡಲೇಬಾರದು. 2019ರ ಆಗಸ್ಟ್‌ನಲ್ಲಿ ನೀರು ಎಲ್ಲಿವರೆಗೆ ಬಂದಿತ್ತು? ಆ ವರ್ಷ ತುಂಗೆ ಉಕ್ಕಿ ಊರಿನ ತಗ್ಗು ಬಡಾವಣೆಗಳಿಗೆ ನುಗ್ಗಿತ್ತು. ಮನೆ ಮಾಲೀಕರು, ಬ್ರೋಕರು ಇದಕ್ಕೆ "ಇಲ್ಲೇನೂ ಆಗಿಲ್ಲ" ಅಂತಲೇ ಹೇಳುತ್ತಾರೆ. ಎದುರು ಮನೆಯವರನ್ನು, ಮೂಲೆ ಅಂಗಡಿಯವರನ್ನು ಕೇಳಿ. ಒಬ್ಬ ಕಿರಾಣಿ ಅಂಗಡಿಯವರು ಮಾತಿಗೆ ಬದಲು ತಮ್ಮ ಮರದ ಕಪಾಟು ತೋರಿಸಿದರು. ಕೆಳಗಿನ ಎರಡು ಅಡಿ ಹಲಗೆ ಉಬ್ಬಿ, ಬಣ್ಣ ಬಿಟ್ಟಿತ್ತು. ಆ ಬೀದಿ ನಮ್ಮ ಪಟ್ಟಿಯಿಂದ ಅಲ್ಲೇ ಹೋಯಿತು. ಕೊನೆಗೆ ಹೊಳೆಯಿಂದ ದೂರ, ವಿನೋಬನಗರದ ಕಡೆ ಮನೆ ಹಿಡಿದೆವು.

ಕರೆಂಟು, ಇಂಟರ್ನೆಟ್ ವಿಷಯಕ್ಕೆ ನಮಗೆ ಸಹಾಯ ಮಾಡಿದ್ದು ಸ್ಥಳೀಯ ಪತ್ರಿಕೆಗಳು. ಒಳಪುಟದಲ್ಲಿ "ವಿದ್ಯುತ್ ವ್ಯತ್ಯಯ" ಅಂತ ಪ್ರಕಟಣೆ ಬರುತ್ತದೆ. ಯಾವ ಫೀಡರ್, ಯಾವ ಬಡಾವಣೆ, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಎಲ್ಲ ಇರುತ್ತದೆ. ಕೆಲವು ತಿಂಗಳ ಪ್ರಕಟಣೆ ಓದಿದರೆ ಯಾವ ಕಡೆ ಜಾಸ್ತಿ ಹೋಗುತ್ತದೆ ಅಂತ ಗೊತ್ತಾಗುತ್ತದೆ. ಹೇಳದೇ ಹೋಗುವ ಕರೆಂಟು ಬೇರೆ, ಅದನ್ನು ಅಕ್ಕಪಕ್ಕದವರೇ ಹೇಳಬೇಕು. ಇಂಟರ್ನೆಟ್‌ಗೆ ಕಂಪನಿಯವರ ಮಾತಿಗಿಂತ ಅದೇ ಬೀದಿಯಲ್ಲಿ ಮನೆಯಿಂದ ಕೆಲಸ ಮಾಡುವ ಹುಡುಗರ ಮಾತು ಕೇಳಿದೆವು. ಇನ್ವರ್ಟರ್ ಹಾಕಿಸಿದ್ದೇವೆ, ಬೇರೆ ಬೇರೆ ಕಂಪನಿಯ ಎರಡು ಕನೆಕ್ಷನ್ ಇಟ್ಟುಕೊಂಡಿದ್ದೇವೆ. ಇದನ್ನು ಖರ್ಚಿನ ಲೆಕ್ಕಕ್ಕೆ ಸೇರಿಸಿಕೊಂಡೇ ಬನ್ನಿ.

ಮಗಳ ಶಾಲೆಗಿಂತ ನಾವು ಜಾಸ್ತಿ ವಿಚಾರಿಸಿದ್ದು ಮುಂದಿನ ಪಿಯು ಕಾಲೇಜಿನ ಬಗ್ಗೆ. ಎಸ್ಸೆಸ್ಸೆಲ್ಸಿವರೆಗೆ ಎಲ್ಲ ಊರಿನಲ್ಲೂ ಸರಿಯಾದ ಶಾಲೆ ಸಿಗುತ್ತದೆ. ಆಮೇಲೆ ಮಗುವನ್ನು ಹಾಸ್ಟೆಲಿಗೆ ಹಾಕಬೇಕಾದರೆ ಮತ್ತೆ ಮನೆ ಎರಡಾಗುತ್ತದೆ, ಅಲ್ವಾ? ಸೈನ್ಸು, ಕಾಮರ್ಸು, ಆರ್ಟ್ಸು ಮೂರೂ ಊರಲ್ಲೇ ಇರಬೇಕು ಅಂತ ನೋಡಿದೆವು. ಆ ವಯಸ್ಸಿಗೆ ಅವಳು ಏನು ಓದಬೇಕು ಅನ್ನುತ್ತಾಳೋ ಯಾರಿಗೆ ಗೊತ್ತು.

ಅತ್ತೆಗೆ ಮಾತ್ರ ಬೇರೆಯದೇ ಪರೀಕ್ಷೆ ಇತ್ತು. ಮನೆ ಗೊತ್ತು ಮಾಡುವ ಮೊದಲು ಅವರು ಚೀಲ ಹಿಡಿದು ಒಬ್ಬರೇ ಹೊರಟರು. ಸೊಪ್ಪು ತಗೊಂಡು, ದೇವಸ್ಥಾನಕ್ಕೆ ಹೋಗಿ, ಯಾರ ಸಹಾಯವೂ ಇಲ್ಲದೆ ವಾಪಸ್ ಬರಬೇಕು. ದಾರಿಯಲ್ಲಿ ದೊಡ್ಡ ರಸ್ತೆ ದಾಟುವಂತೆ ಇರಬಾರದು. ಬೆಂಗಳೂರಿನಲ್ಲಿ ಎಷ್ಟೋ ವರ್ಷದಿಂದ ಅವರು ಒಬ್ಬರೇ ಗೇಟು ದಾಟಿರಲಿಲ್ಲ. ಅವತ್ತು ದಂಟಿನ ಸೊಪ್ಪಿನ ಜೊತೆ ಪಕ್ಕದ ಬೀದಿಯ ಒಬ್ಬರ ಪರಿಚಯವನ್ನೂ ಮಾಡಿಕೊಂಡು ಬಂದರು. "ಮನೆ ಇದೇ ಇರಲಿ" ಅಂದರು. ನನಗೆ ಆ ಒಂದು ಮಾತೇ ಸಾಕಾಗಿತ್ತು.

ಕಾಡಂಚಿನಲ್ಲಿ ಕಡಿಮೆಗೆ ಎರಡೆಕರೆ ಸಿಗುತ್ತೆ, ಮನೆ ಕಟ್ಟಿಕೊಳ್ಳಿ ಅಂತ ಬಹಳ ಜನ ಹೇಳಿದರು. 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು, ನಿಜ. ಆದರೆ ಮಂಗನ ಕಾಯಿಲೆ ಮೊದಲು ಕಂಡದ್ದು 1957ರಲ್ಲಿ, ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗಿನಿಂದ ಹರಡುವ ಆ ಜ್ವರ ಈಗಲೂ ಚಳಿಗಾಲದಿಂದ ಬೇಸಿಗೆವರೆಗೆ ಕಾಣಿಸಿಕೊಳ್ಳುತ್ತದೆ. ಅಲ್ಲೇ ಹುಟ್ಟಿ ಬೆಳೆದವರಿಗೆ ಯಾವಾಗ ಕಾಡಿಗೆ ಹೋಗಬಾರದು ಅಂತ ಗೊತ್ತಿರುತ್ತದೆ. ಬೆಂಗಳೂರಿನಿಂದ ನೇರ ಹೋಗಿ ಕೂರುವವರು ಮೊದಲು ಅವರಿಂದ ಕಲಿಯಲಿ.

ನಾವು ಇನ್ನೂ ಬಾಡಿಗೆ ಮನೆಯಲ್ಲೇ ಇದ್ದೇವೆ. ಬಂದ ಕೂಡಲೇ ಸೈಟು ಕೊಳ್ಳಬೇಡಿ ಅಂತ ಎಲ್ಲರಿಗೂ ಗಟ್ಟಿಯಾಗಿ ಹೇಳುತ್ತೇನೆ. ಎರಡು ಮಳೆಗಾಲ ಕಳೆಯಲಿ. ಈಗ ಒಂದು ಸೈಟು ಮಾತುಕತೆಯಲ್ಲಿದೆ. ಇ-ಖಾತಾ ಇದೆ, ಋಣಭಾರ ಪತ್ರ (ಇಸಿ) ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಿಂದ ತೆಗೆಸಿ ಓದಿದ್ದೇವೆ. ಭೂಪರಿವರ್ತನೆ ಆದೇಶದ ಪ್ರತಿ, ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ಬಡಾವಣೆಯ ನಕ್ಷೆ ಎರಡೂ ಬರಬೇಕು. ಅವು ಕೈಗೆ ಬಂದು ವಕೀಲರು ನೋಡುವ ತನಕ ಮುಂಗಡ ಕೊಡೋದಿಲ್ಲ ಅಂತ ಹೇಳಿದ್ದೇವೆ. ಜುಲೈ ಬರಲಿ, ಆ ಸೈಟಿನಲ್ಲಿ ನೀರು ನಿಲ್ಲುತ್ತದಾ ಅಂತಲೂ ನೋಡಬೇಕು.