ಚಳಿಗಾಲದಲ್ಲಿ ಹುಟ್ಟಿದವರಿಗೆ ಹರಳು ಆರಿಸುವುದು ಹೇಗೆ?

ಅಕ್ಕನ ಮಗಳು ಹುಟ್ಟಿದ್ದು ಡಿಸೆಂಬರ್‌ನಲ್ಲಿ. ಅವಳಿಗೆ ಹದಿನೆಂಟು ತುಂಬಿದಾಗ ಬೆಳ್ಳಿಯಲ್ಲಿ ಕೂರಿಸಿದ ಫಿರೋಜಾ ಉಂಗುರ ಕೊಟ್ಟಿದ್ದೆ. ತಿಂಗಳು ಕಳೆಯುವುದರೊಳಗೆ ಫೋನ್ ಬಂತು. ‘ಚಿಕ್ಕಮ್ಮಾ, ಉಂಗುರ ಬಣ್ಣ ಬಿಡ್ತಾ ಇದೆ. ನೇಲ್ ಪಾಲಿಶ್ ತೆಗೀವಾಗ ಹತ್ತಿಯೆಲ್ಲ ನೀಲಿ ಆಯ್ತು.’ ಉಂಗುರ ತರಿಸಿ ನೋಡಿದೆ. ಒಂದು ಅಂಚಿನಲ್ಲಿ ಬಣ್ಣ ಹೋಗಿ ಒಳಗಿನ ಬಿಳಿ ಕಾಣುತ್ತಿತ್ತು, ಸಿಪ್ಪೆ ಸುಲಿದ ಬಾದಾಮಿಯ ಹಾಗೆ. ಹೌಲೈಟ್ ಎಂಬ ಅಗ್ಗದ ಬಿಳಿ ಕಲ್ಲಿಗೆ ನೀಲಿ ಬಣ್ಣ ಕುಡಿಸಿ ಮಾರಿದ್ದರು. ದುಡ್ಡು ಹೋಯಿತು, ಸರಿ. ಆದರೆ ‘ಈ ಕಲ್ಲೇ ಯಾಕೆ ತಂದೆ?’ ಎಂದು ಅವಳು ಕೇಳಿದಾಗ, ‘ಡಿಸೆಂಬರ್ ಕಲ್ಲು ಅಂದ್ರು’ ಅನ್ನುವುದು ಬಿಟ್ಟು ನನ್ನ ಹತ್ತಿರ ಬೇರೆ ಉತ್ತರ ಇರಲಿಲ್ಲ. ಅದೇ ಜಾಸ್ತಿ ನೋವಾಯಿತು.

ಆಮೇಲೆ ಈ ಹರಳುಗಳ ಹಿಂದೆ ಬಿದ್ದು ಒಂದಿಷ್ಟು ಕಲಿತೆ. ಡಿಸೆಂಬರ್, ಜನವರಿ, ಫೆಬ್ರವರಿಯಲ್ಲಿ ಹುಟ್ಟಿದ ಯಾರಿಗಾದರೂ ಹರಳು ಕೊಡುವ ಮನಸ್ಸಿದ್ದರೆ, ಹೀಗೆ ಒಂದೊಂದೇ ಹೆಜ್ಜೆ ಇಡಿ.

ಹೆಜ್ಜೆ 1: ತಿಂಗಳ ಹರಳು, ಗ್ರಹದ ಹರಳು ಬೇರೆ ಮಾಡಿ

ನಮ್ಮೂರ ಅಂಗಡಿಯಲ್ಲಿ ‘ಜನ್ಮರತ್ನ’ ಎಂದರೆ ಮೊದಲು ರಾಶಿ, ನಕ್ಷತ್ರ ಕೇಳುತ್ತಾರೆ. ಅದು ನವರತ್ನದ ಲೆಕ್ಕ. ಸೂರ್ಯನಿಗೆ ಮಾಣಿಕ್ಯ, ಚಂದ್ರನಿಗೆ ಮುತ್ತು, ಶನಿಗೆ ನೀಲ, ರಾಹುವಿಗೆ ಗೋಮೇಧಿಕ, ಹೀಗೆ ಒಂಬತ್ತು. ಜಾತಕ ನೋಡಿ ಹೇಳುವಂಥದ್ದು. ರತ್ನ ನೋಡಿ ಬೆಲೆ ಕಟ್ಟುವ ವಿದ್ಯೆ ಈ ನಾಡಿಗೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ, ರಾಜನ ಬೊಕ್ಕಸದ ಮಾತು ಬಂದಾಗ ರತ್ನಗಳ ಪರೀಕ್ಷೆಯೂ ಬರುತ್ತದೆ.

ತಿಂಗಳ ಹರಳಿನ ಹುಟ್ಟೂರೇ ಬೇರೆ. ಬೈಬಲ್‌ನಲ್ಲಿ ಬರುವ ಮಹಾಯಾಜಕ ಆರೋನನ ಎದೆಪದಕದಲ್ಲಿ 12 ಹರಳುಗಳಿದ್ದವು, ಇಸ್ರೇಲಿನ ಕುಲಕ್ಕೊಂದರಂತೆ. 1ನೇ ಶತಮಾನದ ಇತಿಹಾಸಕಾರ ಜೋಸೆಫಸ್ ಆ 12ನ್ನು ವರ್ಷದ 12 ತಿಂಗಳಿಗೆ ಹೊಂದಿಸಿ ಹೇಳಿದ. ಹುಟ್ಟಿದ ತಿಂಗಳ ಹರಳನ್ನೇ ಸದಾ ತೊಡುವ ರೂಢಿ ಎಷ್ಟೋ ಶತಮಾನ ಕಳೆದ ಮೇಲೆ ಯುರೋಪಿನಲ್ಲಿ ಬೆಳೆಯಿತು. ಇವತ್ತು ಎಲ್ಲ ಕಡೆ ಕಾಣುವ ಪಟ್ಟಿಯನ್ನು ಮಾಡಿದ್ದು 1912ರಲ್ಲಿ, ಅಮೆರಿಕದ ಆಭರಣ ವ್ಯಾಪಾರಿಗಳ ಸಂಘ. 1952ರಲ್ಲಿ ಡಿಸೆಂಬರ್‌ಗೆ ಜಿರ್ಕಾನ್ ಸೇರಿತು, 2002ರಲ್ಲಿ ಟಾಂಜನೈಟ್.

ಇದನ್ನು ತಿಳಿದಿದ್ದರೆ ಒಂದು ಅನುಕೂಲ. ‘ಜನವರಿಯವರು ಗಾರ್ನೆಟ್ ಹಾಕಲೇಬೇಕು, ಇಲ್ಲದಿದ್ದರೆ ತೊಂದರೆ’ ಎಂದು ಯಾರಾದರೂ ಹೆದರಿಸಿದರೆ ಧೈರ್ಯವಾಗಿ ಎದ್ದು ಬರಬಹುದು. ತಿಂಗಳ ಪಟ್ಟಿಯಲ್ಲಿ ದೋಷ, ಪರಿಹಾರ ಎಂಬ ಮಾತೇ ಇಲ್ಲ. ಹೆದರಿಕೆಯಿಂದ ಕೊಂಡ ಹರಳು ಉಡುಗೊರೆ ಆಗುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎರಡೂ ಲೆಕ್ಕಗಳು ಒಂದೆರಡು ಕಡೆ ಸೇರುತ್ತವೆ. ಗೋಮೇಧಿಕವೂ ಗಾರ್ನೆಟ್ ಜಾತಿಯದೇ, ಜೇನಿನ ಬಣ್ಣದ್ದು. ನೀಲ ಕೊಳ್ಳಲಾಗದವರು ಶನಿಗೆ ಅಂತ ಫೆಬ್ರವರಿಯ ಹರಳಾದ ಅಮೆಥಿಸ್ಟ್ ಹಾಕುವುದೂ ಉಂಟು. ಹಿರಿಯರಿಗೆ ಜಾತಕದಲ್ಲಿ ನಂಬಿಕೆ ಇರುವ ಮನೆಗೆ ಕೊಡುವುದಾದರೆ ಮೊದಲೇ ಒಂದು ಮಾತು ಕೇಳಿಬಿಡಿ.

ಹೆಜ್ಜೆ 2: ಆ ತಿಂಗಳ ಕಥೆ ತಿಳಿಯಿರಿ

ಡಿಸೆಂಬರ್‌ಗೆ ಮೂರು ಹರಳುಗಳಿವೆ. ಅವುಗಳಲ್ಲಿ ಫಿರೋಜಾ ತೊಡುವ ರೂಢಿ ಎಲ್ಲಕ್ಕಿಂತ ಹಳೆಯದು. ಆಕಾಶವನ್ನು ಗಟ್ಟಿ ಮಾಡಿದಂಥ ನೀಲಿ. ಆ ನೀಲಿ ತಾಮ್ರದಿಂದ ಬರುತ್ತದೆ, ಕಬ್ಬಿಣ ಜಾಸ್ತಿ ಇದ್ದರೆ ಹಸಿರಿಗೆ ತಿರುಗುತ್ತದೆ. ಇರಾನಿನ ನಿಶಾಪುರದ ಗಣಿಗಳದ್ದು ಹೆಸರುವಾಸಿ. ಫಿರೋಜಾ ಎಂಬ ಪರ್ಷಿಯನ್ ಹೆಸರಿನಲ್ಲೇ ಗೆಲುವು ಎಂಬ ಅರ್ಥವಿದೆ. ಟರ್ಕಿಯ ವ್ಯಾಪಾರಿಗಳ ಕೈಯಿಂದ ಯುರೋಪಿಗೆ ಹೋದದ್ದರಿಂದ ಅಲ್ಲಿ ಅದು ಟರ್ಕಾಯ್ಸ್ ಆಯಿತು. ಈಜಿಪ್ಟಿನವರು ಸಾವಿರಾರು ವರ್ಷಗಳ ಹಿಂದೆಯೇ ಸಿನಾಯ್ ಬೆಟ್ಟಗಳಲ್ಲಿ ಇದನ್ನು ಅಗೆಯುತ್ತಿದ್ದರು. ಅಲ್ಲಿನ ಗುಡಿಯಲ್ಲಿ ಹಾಥೋರ್ ದೇವಿಗೆ ‘ಫಿರೋಜಾದ ಒಡತಿ’ ಎಂದೇ ಹೆಸರು.

ಇಷ್ಟು ದೂರ ಹೋಗುವುದೇ ಬೇಡ. ಮೈಸೂರು ಜಿಲ್ಲೆಯ ಬೈಲಕುಪ್ಪೆಗೆ ಹೋಗಿ ಬನ್ನಿ. 1960ರ ದಶಕದಿಂದ ಅಲ್ಲಿ ನೆಲೆಸಿರುವ ಟಿಬೆಟಿಯನ್ ಅಜ್ಜಿಯರ ಕೊರಳು ನೋಡಿ. ಕೆಂಪು ಹವಳದ ಪಕ್ಕದಲ್ಲಿ ಹಸಿರು ನೀಲಿ ಮಣಿ, ಮೇಲೆ ಕಪ್ಪು ಗೆರೆಗಳು ಜೇಡರ ಬಲೆಯಂತೆ. ಅವರ ಭಾಷೆಯಲ್ಲಿ ಅದು ‘ಯು’. ಮನುಷ್ಯನ ಜೀವಶಕ್ತಿ ನೆಲೆ ನಿಲ್ಲುವ ಕಲ್ಲು ಎಂಬ ನಂಬಿಕೆ ಟಿಬೆಟ್‌ನಲ್ಲಿ ಹಳೆಯದು. ಮೈಗೆ ತಾಗಿ ತಾಗಿ ಬಣ್ಣ ಮಾಸಿದರೂ ಅದನ್ನು ಎಸೆಯುವುದಿಲ್ಲ. ಲಡಾಖ್‌ನಲ್ಲಿ ಹೆಂಗಸರು ಹಬ್ಬ, ಮದುವೆಗೆ ತೊಡುವ ‘ಪೆರಾಕ್’ ಇನ್ನೂ ದೊಡ್ಡದು. ಹಣೆಯಿಂದ ಶುರುವಾಗಿ ಬೆನ್ನಿನವರೆಗೆ ಇಳಿಯುವ ಚರ್ಮದ ಪಟ್ಟಿ, ಅದರ ತುಂಬಾ ಸಾಲುಸಾಲು ಫಿರೋಜಾ. ತಾಯಿಯಿಂದ ಹಿರಿಮಗಳಿಗೆ ಬರುವ ಆಸ್ತಿ ಅದು. ಅಜ್ಜಿಯ ಬೆಂಡೋಲೆ ನಮಗೆ ಹೇಗೋ ಹಾಗೆ.

ಈ ಕಲ್ಲಿನ ಬಣ್ಣ ಬದಲಾಗುವುದನ್ನು ಕಂಡೇ ಜನ ನಂಬಿಕೆ ಕಟ್ಟಿಕೊಂಡರು. ತೊಟ್ಟವರಿಗೆ ಕಾಯಿಲೆ ಬಂದರೆ ಫಿರೋಜಾ ಮಂಕಾಗುತ್ತದೆ ಎಂದು ಯುರೋಪಿನಲ್ಲೂ ಹೇಳುತ್ತಿದ್ದರು. ನಿಜ ಏನೆಂದರೆ ಇದು ಸಣ್ಣ ಸಣ್ಣ ರಂಧ್ರಗಳಿರುವ ಕಲ್ಲು. ಬೆವರು, ಎಣ್ಣೆ, ಸೋಪು ಎಲ್ಲವನ್ನೂ ಹೀರುತ್ತದೆ.

ಟಾಂಜನೈಟ್ ಕಥೆ ಚಿಕ್ಕದು. 1967ರಲ್ಲಿ ತಾಂಜಾನಿಯಾದ ಮೆರೆಲಾನಿ ಬೆಟ್ಟಗಳಲ್ಲಿ ಸಿಕ್ಕಿತು, ಮರುವರ್ಷ ನ್ಯೂಯಾರ್ಕಿನ ಟಿಫನಿ ಕಂಪನಿ ಹೆಸರಿಟ್ಟಿತು. ಚೆಂದದ ನೀಲಿ ನೇರಳೆ, ಆದರೆ ಅಜ್ಜಿ ಕಾಲದ ಸಂಪ್ರದಾಯ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಜಿರ್ಕಾನ್ ಬಗ್ಗೆ ಒಂದೇ ಎಚ್ಚರ: ನಮ್ಮಲ್ಲಿ ‘ಅಮೆರಿಕನ್ ಡೈಮಂಡ್’ ಎಂದು ಮಾರುವುದು ಕ್ಯೂಬಿಕ್ ಜಿರ್ಕೋನಿಯಾ ಎಂಬ ಕಾರ್ಖಾನೆಯ ಹರಳು, ಹೆಸರು ಹತ್ತಿರವಿದ್ದರೂ ಅದೇ ಬೇರೆ, ಇದೇ ಬೇರೆ. ಜಿರ್ಕಾನ್ ನೆಲದಲ್ಲಿ ಹುಟ್ಟಿದ್ದು. ಆಸ್ಟ್ರೇಲಿಯಾದಲ್ಲಿ ಸಿಕ್ಕ ಜಿರ್ಕಾನ್ ಕಣಗಳ ವಯಸ್ಸು ಸುಮಾರು 440 ಕೋಟಿ ವರ್ಷ.

ಜನವರಿಗೆ ಗಾರ್ನೆಟ್. ಹೆಸರು ಲ್ಯಾಟಿನ್‌ನ ದಾಳಿಂಬೆಯಿಂದ ಬಂದದ್ದು. ಒಂದು ದಾಳಿಂಬೆ ಕಾಳನ್ನು ಬೆಳಕಿಗೆ ಹಿಡಿದು ನೋಡಿ, ಹೆಸರು ಯಾಕೆ ಬಂತೆಂದು ತಾನಾಗಿ ಗೊತ್ತಾಗುತ್ತದೆ. ಗ್ರೀಕರ ಕಥೆಯಲ್ಲಿ ಪರ್ಸಿಫೋನಿ ಪಾತಾಳದಲ್ಲಿ ದಾಳಿಂಬೆ ಕಾಳು ತಿಂದಳು, ಅದಕ್ಕೇ ವರ್ಷದಲ್ಲಿ ಕೆಲವು ತಿಂಗಳು ಅಲ್ಲೇ ಇರಬೇಕಾಯಿತು. ಭೂಮಿಯ ಮೇಲೆ ಆಗ ಚಳಿಗಾಲ. ಆಮೇಲೆ ಅವಳು ಮರಳಿ ಬರುತ್ತಾಳೆ. ದೂರ ಹೊರಟವರಿಗೆ ‘ಹೋಗಿ ಬಾ’ ಎಂದು ಗಾರ್ನೆಟ್ ಕೊಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೆ?

ಗಾರ್ನೆಟ್‌ನಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಇನ್ನೊಂದಿದೆ. 1939ರಲ್ಲಿ ಇಂಗ್ಲೆಂಡಿನ ಸಟನ್ ಹೂ ಎಂಬಲ್ಲಿ, ಹಡಗಿನ ಸಮೇತ ಹೂತಿದ್ದ 7ನೇ ಶತಮಾನದ ಸಮಾಧಿ ಸಿಕ್ಕಿತು. ಅದರಲ್ಲಿನ ಚಿನ್ನದ ಒಡವೆಗಳ ತುಂಬಾ ತೆಳ್ಳಗೆ ಸೀಳಿದ ಗಾರ್ನೆಟ್. ಹರಳು ಮಿನುಗಲಿ ಎಂದು ಅಡಿಯಲ್ಲಿ ಗೆರೆ ಕೊರೆದ ಚಿನ್ನದ ತಗಡು. ನಮ್ಮ ಹಳೆಯ ಕೆಂಪಿನ ಒಡವೆಗಳಲ್ಲೂ ಕಲ್ಲಿನ ಕೆಳಗೆ ತಗಡು ಇಡುವುದಿಲ್ಲವೇ, ಅದೇ ಉಪಾಯ. ಆ ಕಾಲದ ಯುರೋಪಿನ ಒಡವೆಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ, ಅನೇಕ ಗಾರ್ನೆಟ್‌ಗಳು ಭಾರತ ಮತ್ತು ಶ್ರೀಲಂಕಾದಿಂದ ಹೋದವು ಎಂದು ಗೊತ್ತಾಯಿತು. ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ ರೋಮನ್ನರ ಕಾಲಕ್ಕೇ ಗಾರ್ನೆಟ್ ಮಣಿ ಕೊರೆಯುತ್ತಿದ್ದರು. ಇವತ್ತಿಗೂ ಜೈಪುರದಲ್ಲಿ ಗಾರ್ನೆಟ್ ಉಜ್ಜುವ ಕೆಲಸ ಜೋರು.

ಫೆಬ್ರವರಿಗೆ ಅಮೆಥಿಸ್ಟ್, ನೇರಳೆ ಹಣ್ಣಿನ ಬಣ್ಣದ ಸ್ಫಟಿಕ. ಗ್ರೀಕ್ ಭಾಷೆಯಲ್ಲಿ ಹೆಸರಿನ ಅರ್ಥ ‘ಅಮಲೇರದ’. ಇದನ್ನು ತೊಟ್ಟರೆ ಹೆಂಡದ ನಶೆ ಏರುವುದಿಲ್ಲ ಎಂದು ನಂಬಿದ್ದರು. ಮದ್ಯದ ದೇವರು ಬ್ಯಾಕಸ್‌ನಿಂದ ತಪ್ಪಿಸಿಕೊಳ್ಳಲು ಹುಡುಗಿಯೊಬ್ಬಳು ಕಲ್ಲಾದಳು ಎಂಬ ಕಥೆ ಎಲ್ಲ ಕಡೆ ಓಡಾಡುತ್ತದೆ. ಅದು ಗ್ರೀಕರ ಪುರಾಣವಲ್ಲ, 16ನೇ ಶತಮಾನದ ಫ್ರೆಂಚ್ ಕವಿಯೊಬ್ಬನ ಕಲ್ಪನೆ. ಸಂಯಮದ ಗುರುತು ಅಂತಲೇ ಕ್ರೈಸ್ತ ಬಿಷಪ್‌ಗಳ ಉಂಗುರದಲ್ಲಿ ಈ ಹರಳು ಕೂತಿತು. ಒಂದು ಕಾಲಕ್ಕೆ ಮಾಣಿಕ್ಯ, ಪಚ್ಚೆಯ ಸಾಲಿನಲ್ಲಿತ್ತು. 19ನೇ ಶತಮಾನದಲ್ಲಿ ಬ್ರೆಜಿಲ್‌ನಲ್ಲಿ ರಾಶಿ ರಾಶಿ ಸಿಕ್ಕಿ ಬೆಲೆ ಇಳಿಯಿತು. ನಮ್ಮಂಥವರಿಗೆ ಅದು ಒಳ್ಳೆಯದೇ ಆಯಿತು.

ಹೆಜ್ಜೆ 3: ಕೈಗೆತ್ತಿಕೊಂಡು ನೋಡಿ

ಮೊದಲು ಫಿರೋಜಾ. ನೇಲ್ ಪಾಲಿಶ್ ರಿಮೂವರ್‌ನಲ್ಲಿ ಅದ್ದಿದ ಹತ್ತಿಯನ್ನು ಕಲ್ಲಿನ ಹಿಂಬದಿಗೆ, ಕಾಣದ ಮೂಲೆಗೆ ಒಂದೇ ಸಲ ಒತ್ತಿ. ಹತ್ತಿ ನೀಲಿಯಾದರೆ ಬಣ್ಣ ಹಾಕಿದ ಕಲ್ಲು. ಬಣ್ಣ ಬಿಡಲಿಲ್ಲ ಎಂದ ಮಾತ್ರಕ್ಕೆ ಅಸಲಿ ಎಂದು ಹೇಳಲಾಗದು, ಪ್ಲಾಸ್ಟಿಕ್ ಕೂಡ ಇರಬಹುದು. ಹಳೆಯ, ಬೆಲೆಬಾಳುವ ಒಡವೆಗೆ ಈ ಪರೀಕ್ಷೆ ಬೇಡವೇ ಬೇಡ.

ಗಾರ್ನೆಟ್‌ಗೆ ಮಕ್ಕಳೂ ಮೆಚ್ಚುವ ಪರೀಕ್ಷೆಯೊಂದಿದೆ. ಬಿಡಿ ಹರಳನ್ನು ಸಣ್ಣ ಥರ್ಮಾಕೋಲ್ ಚೂರಿನ ಮೇಲಿಟ್ಟು ನೀರಿನ ಬೋಗುಣಿಯಲ್ಲಿ ತೇಲಿಬಿಡಿ. ನಿಯೋಡಿಮಿಯಂ ಎಂಬ ತುಂಬಾ ಬಲವಾದ ಅಯಸ್ಕಾಂತವನ್ನು ಹರಳಿಗೆ ತಾಗುವಷ್ಟು ಹತ್ತಿರ ತಂದು ನಿಧಾನವಾಗಿ ಎಳೆಯಿರಿ. ಕೆಂಪು ಗಾರ್ನೆಟ್‌ನಲ್ಲಿ ಕಬ್ಬಿಣವಿರುವುದರಿಂದ ತೇಲುವ ಚೂರು ಹಿಂದೆಯೇ ಬರುತ್ತದೆ. ಮಾಣಿಕ್ಯ ಹಾಗೆ ಬರುವುದಿಲ್ಲ. ಮೊದಲ ಸಲ ಅದು ಅಲುಗಿದ್ದು ಕಂಡಾಗ ನಾನು ಉಸಿರು ಬಿಗಿಹಿಡಿದಿದ್ದೆ.

ಅಮೆಥಿಸ್ಟನ್ನು ಬಿಳಿ ಕಾಗದದ ಮೇಲಿಟ್ಟು ನೋಡಿ. ನೈಸರ್ಗಿಕ ಹರಳಿನಲ್ಲಿ ಬಣ್ಣ ಒಂದೇ ಸಮ ಇರದೆ ಪಟ್ಟಿ ಪಟ್ಟಿಯಾಗಿ ಕಾಣುವುದು ಸಾಮಾನ್ಯ. ಲ್ಯಾಬ್‌ನಲ್ಲಿ ಬೆಳೆಸಿದ್ದನ್ನು ಬರಿಗಣ್ಣಲ್ಲಿ ಹಿಡಿಯುವುದು ಕಷ್ಟ. ಬೆಲೆ ಜಾಸ್ತಿ ಎನಿಸಿದರೆ ರತ್ನ ಪರೀಕ್ಷಾ ಲ್ಯಾಬ್‌ನ ಸರ್ಟಿಫಿಕೇಟ್ ಕೇಳಿ.

ಹೆಜ್ಜೆ 4: ಬಿಲ್ ಬರೆಸುವಾಗ

ಹಾಲ್‌ಮಾರ್ಕ್ ಇದೆ ಎಂದರೆ ಚಿನ್ನ, ಬೆಳ್ಳಿಯ ಶುದ್ಧತೆ ಗೊತ್ತಾಯಿತು ಅಷ್ಟೆ. ಹರಳಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಹರಳಿನ ಹೆಸರು, ತೂಕ, ಬೆಲೆ ಬಿಲ್‌ನಲ್ಲಿ ಬೇರೆ ಬೇರೆ ಬರೆಸಿ. ಕಲ್ಲಿನ ತೂಕಕ್ಕೆ ಚಿನ್ನದ ರೇಟು ಹಾಕದಂತೆ ನೋಡಿಕೊಳ್ಳಿ. ಕೆಲವರು ತೂಕವನ್ನು ರತ್ತಿಯಲ್ಲಿ ಹೇಳುತ್ತಾರೆ. ರತ್ತಿ ಎಂದರೆ ನಮ್ಮ ಗುಲಗಂಜಿ, ಆದರೆ ಈಗ ಅದರ ಲೆಕ್ಕ ಎಲ್ಲ ಕಡೆ ಒಂದೇ ಇಲ್ಲ. ಕ್ಯಾರೆಟ್‌ನಲ್ಲಿ ಬರೆಸಿ, 1 ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ಬಣ್ಣ ಹಾಕಿದ್ದಾ, ಕಾಯಿಸಿದ್ದಾ, ಅಂಟು ಕುಡಿಸಿದ್ದಾ ಎಂದು ನೇರವಾಗಿ ಕೇಳಿ, ಅದನ್ನೂ ಬರೆಸಿ. ಟಾಂಜನೈಟ್ ಕಾಯಿಸುವುದು ವಾಡಿಕೆ, ಅದೇನು ಮೋಸವಲ್ಲ.

ಹೆಜ್ಜೆ 5: ತೊಡುವ ಕೈ ನೋಡಿ ಒಡವೆ ಮಾಡಿಸಿ

ದಿನವೂ ಪಾತ್ರೆ ತೊಳೆಯುವ, ಕೀಬೋರ್ಡ್ ಕುಟ್ಟುವ ಕೈಗೆ ಗಾರ್ನೆಟ್ ಅಥವಾ ಅಮೆಥಿಸ್ಟ್ ಉಂಗುರ ನಡೆಯುತ್ತದೆ. ಫಿರೋಜಾ, ಟಾಂಜನೈಟ್ ಮೆತ್ತಗಿನವು. ಪೆಂಡೆಂಟ್, ಓಲೆ ಮಾಡಿಸಿದರೆ ಬಾಳಿಕೆ ಬರುತ್ತವೆ. ಎಣ್ಣೆಸ್ನಾನದ ದಿನ, ಅರಿಶಿನ ಹಚ್ಚುವಾಗ ಫಿರೋಜಾ ತೆಗೆದಿಡಿ. ಸೆಂಟ್ ಹಾಕಿಕೊಂಡ ಮೇಲೆಯೇ ತೊಡಿ. ಅಮೆಥಿಸ್ಟ್ ಬಿಸಿಲಿಗೆ ಬಿದ್ದರೆ ಕ್ರಮೇಣ ಬಣ್ಣ ಕಳೆದುಕೊಳ್ಳುತ್ತದೆ, ಕಿಟಕಿ ಹತ್ತಿರ ಇಡಬೇಡಿ. ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದರೆ ಗಟ್ಟಿ ಹರಳು ಮೆತ್ತಗಿನದನ್ನು ಗೀರುತ್ತದೆ, ಒಂದೊಂದಕ್ಕೂ ಬೇರೆ ಬಟ್ಟೆ ಚೀಲ ಇರಲಿ.

ಹೆಜ್ಜೆ 6: ಜೊತೆಗೊಂದು ಚೀಟಿ ಇಡಿ

ಇದನ್ನು ಮಾತ್ರ ಬಿಡಬೇಡಿ. ಹರಳಿನ ಹೆಸರು, ಯಾವ ನೆಲದ್ದು, ಯಾಕೆ ಆರಿಸಿದಿರಿ, ನಾಲ್ಕೇ ಸಾಲು ಸಾಕು, ನಿಮ್ಮ ಕೈಬರಹದಲ್ಲಿರಲಿ. ಅಕ್ಕನ ಮಗಳಿಗೆ ಮುಂದಿನ ಹುಟ್ಟುಹಬ್ಬಕ್ಕೆ ಫಿರೋಜಾ ಪೆಂಡೆಂಟ್ ಕೊಟ್ಟೆ, ಈ ಸಲ ಪರೀಕ್ಷೆ ಮಾಡಿಸಿದ್ದು. ಚೀಟಿಯಲ್ಲಿ ಹೀಗೆ ಬರೆದಿದ್ದೆ: ‘ಇದು ಫಿರೋಜಾ. ಲಡಾಖ್‌ನಲ್ಲಿ ತಾಯಂದಿರು ಇದನ್ನು ಹಿರಿಮಗಳಿಗೆ ಕೊಡುತ್ತಾರೆ. ನಿನ್ನ ಬೆವರು, ಎಣ್ಣೆ ಹೀರಿ ನಿಧಾನಕ್ಕೆ ಹಸಿರಾಗುತ್ತದೆ. ಹೆದರಬೇಡ, ಅದು ನಿನ್ನದಾಗುತ್ತಿದೆ.’