ಸಾಫ್ಟ್‌ಬಾಲ್ ಪಿಚಿಂಗ್: ರಬ್ಬರ್‌ನಿಂದ ಕಾಲು ತಳ್ಳುವ ಬಗೆ

ಚೆಂಡಿಗೆ ವೇಗ ಬರದಿದ್ದರೆ ಎಲ್ಲರೂ ಮೊದಲು ತಿದ್ದಲು ಹೋಗುವುದು ತೋಳನ್ನು. ಹೆಚ್ಚಿನ ಸಲ ತಪ್ಪಿರುವುದು ಕಾಲಲ್ಲಿ. ಇಲ್ಲಿರುವುದು ಚೆಂಡು ಎಸೆಯುವ ಬಲಗೈ ಪಿಚರ್‌ಗಳಿಗೆ. ಎಡಗೈಯವರು ಎಡಬಲ ಬದಲಿಸಿಕೊಳ್ಳಿ.

ರಬ್ಬರ್ ಅಂದರೆ ಪಿಚರ್ ಕಾಲಿಟ್ಟು ಎಸೆಯುವ ಪಟ್ಟಿ, 24 ಇಂಚು ಉದ್ದ, 6 ಇಂಚು ಅಗಲ. ಅದರ ಮಧ್ಯದಿಂದ ಚೆಂಡು ಹಿಡಿಯುವ ಕ್ಯಾಚರ್‌ನತ್ತ ಸುಣ್ಣದ ನೇರ ಗೆರೆ ಎಳೆಯಿರಿ. ಬಲ ಹಿಮ್ಮಡಿ ರಬ್ಬರ್ ಮೇಲೆ, ಅದೇ ಪಾದದ ಮುಂಭಾಗ ಮುಂದಿನ ಮಣ್ಣಿನ ಮೇಲೆ. ಎಡಗಾಲಿನ ಬೆರಳು ರಬ್ಬರ್‌ನ ಹಿಂದಿನ ಅಂಚಿಗೆ ತಾಗಿರಲಿ.

ಭಾರವನ್ನು ಒಮ್ಮೆ ಹಿಂದಕ್ಕೆ ತಂದು ಮುಂದಕ್ಕೆ ಬನ್ನಿ. ಅವಸರ ಆಗುವುದು ಇಲ್ಲೇ. ಬಲ ಮೊಣಕಾಲು ಬೆರಳುಗಳನ್ನು ದಾಟಿ, ಕಾಲಿನ ಕೆಳಭಾಗ ನೆಲದತ್ತ ಸುಮಾರು 45 ಡಿಗ್ರಿ ವಾಲಿದ ಮೇಲೆ ತಳ್ಳಿ. ಅದಕ್ಕೂ ಮುಂಚೆ ತಳ್ಳಿದರೆ ದೇಹ ಮೇಲಕ್ಕೆ ಏಳುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಸೊಂಟದಿಂದ ಬಗ್ಗಿ ತಲೆಯನ್ನು ಮುಂದೆ ಚಾಚುವುದು ತಳ್ಳುವಿಕೆ ಅಲ್ಲ. ಹಾಗೆ ಮಾಡಿದರೆ ಬಲಗಾಲಿಗೆ ಕೆಲಸವೇ ಇರುವುದಿಲ್ಲ.

ಎಡಗಾಲಿನ ಹೆಜ್ಜೆ ಮೊದಲಿಗೆ ನಿಮ್ಮ ಎತ್ತರದ ಮುಕ್ಕಾಲು ಭಾಗ ಸಾಕು. ಕಾಲಿಗೆ ಶಕ್ತಿ ಬಂದಂತೆ ಎತ್ತರದಷ್ಟೇ ಉದ್ದ ಬರುತ್ತದೆ. ಪಾದ ಗೆರೆಯ ಮೇಲೆ, ಬಲಕ್ಕೆ 30ರಿಂದ 45 ಡಿಗ್ರಿ ಓರೆಯಾಗಿ ಇಳಿಯಬೇಕು. ಗೆರೆ ದಾಟಿ ಬಲಕ್ಕೆ ಇಳಿದರೆ ಸೊಂಟ ಅಡ್ಡ ಬಂದು ಕೈ ದೇಹವನ್ನು ಸುತ್ತಿಕೊಂಡು ಬರುತ್ತದೆ. ಮೊಣಕಾಲು ತುಸು ಮಡಿಸಿದ್ದರೂ ಗಟ್ಟಿಯಾಗಿ ನಿಲ್ಲಬೇಕು. ಅದು ಕುಸಿದರೆ ದೇಹ ನಿಲ್ಲದೆ ಜಾರುತ್ತದೆ, ವೇಗ ತೋಳಿಗೆ ದಾಟುವುದಿಲ್ಲ.

ಬಲ ಪಾದ ಒಳಮಗ್ಗುಲಿಗೆ ತಿರುಗಿ ಬೆರಳ ತುದಿಯಲ್ಲಿ ಹಗುರಾಗಿ ಎಳೆದುಕೊಂಡು ಬರಲಿ. ಮಣ್ಣಿನಲ್ಲಿ ಆಳದ ಗೀರು ಬಿದ್ದರೆ ಭಾರ ಹಿಂದೆಯೇ ಉಳಿದಿದೆ ಎಂದರ್ಥ. ಪಾದವನ್ನು ಮುಂದೆ ಮತ್ತೆ ಊರಿ ಅಲ್ಲಿಂದ ತಳ್ಳಿದರೆ ಅದು ಕ್ರೋ ಹಾಪ್, ಅಂಪೈರ್ ಇಲ್ಲೀಗಲ್ ಪಿಚ್ (ನಿಯಮಬಾಹಿರ ಎಸೆತ) ಕೊಡುತ್ತಾರೆ. ಎರಡೂ ಪಾದ ಗಾಳಿಯಲ್ಲಿರಬಹುದೇ ಎಂಬುದು ಟೂರ್ನಿಯ ನಿಯಮದ ಮೇಲಿದೆ, ಮೊದಲೇ ಕೇಳಿಕೊಳ್ಳಿ.

ಅಭ್ಯಾಸಕ್ಕೆ ಚೆಂಡಿಲ್ಲದೆ ಹತ್ತು ಸಲ ತಳ್ಳಿ, ಪ್ರತಿ ಸಲ ಎಡಗಾಲಿನ ಮೇಲೆ 3 ಸೆಕೆಂಡ್ ಅಲುಗಾಡದೆ ನಿಲ್ಲಿ. ಆಮೇಲೆ ಅರ್ಧ ದೂರದಿಂದ ಹತ್ತು ಚೆಂಡು. ಪ್ರತಿ ಎಸೆತದ ಬಳಿಕ ಪಾದದ ಗುರುತು ನೋಡಿ, ಅಳಿಸಿ, ಮುಂದಿನದಕ್ಕೆ ಹೋಗಿ. ಬಲ ಶೂವಿನ ತುದಿ ಬೇಗ ಸವೆಯುತ್ತದೆ, ಅಲ್ಲೊಂದು ಚರ್ಮದ ತೇಪೆ ಹಾಕಿಸಿ.