ಅಜ್ಜಿಗೆ ಬಂತು, ಮೊಮ್ಮಕ್ಕಳಿಗೆ ಬರಲಿಲ್ಲ

2020ರ ಏಪ್ರಿಲ್ ಮೊದಲ ವಾರ. ಅಮೆರಿಕದಲ್ಲಿ ಕೋವಿಡ್ ಪರಿಹಾರದ ಹಣ ಯಾರಿಗೆ, ಯಾವಾಗ ಅನ್ನುವುದೇ ಎಲ್ಲರ ಬಾಯಲ್ಲಿ. ಕಡಿಮೆ ಆದಾಯದವರಿಗೆ ಪುಕ್ಕಟೆ ಟ್ಯಾಕ್ಸ್ ಫೈಲ್ ಮಾಡಿಕೊಡುವ ‘ವೀಟಾ’ ಕೇಂದ್ರವೊಂದರಲ್ಲಿ ನಾನು ಸ್ವಯಂಸೇವಕಿ. ಲಾಕ್‌ಡೌನ್ ಬಂದು ಕೇಂದ್ರಕ್ಕೆ ಬೀಗ ಬಿದ್ದ ಮೇಲೆ ಕೆಲಸವೆಲ್ಲ ಫೋನಿನಲ್ಲೇ. ಒಬ್ಬ ಅಜ್ಜಿ ಕರೆ ಮಾಡಿದರು. (ಇಲ್ಲಿ ಪರಿಚಯವಿಲ್ಲದವರನ್ನು ಅಜ್ಜಿ ಅನ್ನುವ ವಾಡಿಕೆ ಇಲ್ಲ, ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.) ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಬಿಟ್ಟರೆ ಬೇರೆ ಆದಾಯವಿಲ್ಲ, ಟ್ಯಾಕ್ಸ್ ರಿಟರ್ನ್ ಸಲ್ಲಿಸಿ ಎಷ್ಟೋ ವರ್ಷವಾಗಿತ್ತು. “ನಾನೇನಾದರೂ ಫಾರಂ ತುಂಬಬೇಕಾ?” ಅಂತ ಕೇಳಿದರು.

“ಏನೂ ಬೇಡ, ತಾನಾಗೇ ಬರುತ್ತೆ” ಅಂದುಬಿಟ್ಟೆ. ಮನೆಯಲ್ಲಿ ಬೇರೆ ಯಾರಿದ್ದಾರೆ ಅಂತ ಕೇಳಲಿಲ್ಲ. 9 ಮತ್ತು 12 ವರ್ಷದ ಇಬ್ಬರು ಮೊಮ್ಮಕ್ಕಳು ಅವರ ಜೊತೆಗೇ ಇದ್ದರು.

ಮಾರ್ಚ್ 27ರಂದು ಸಹಿಯಾದ ಕೇರ್ಸ್ ಕಾಯ್ದೆಯಲ್ಲಿ ದೊಡ್ಡವರಿಗೆ ತಲಾ 1,200 ಡಾಲರ್, 17 ತುಂಬದ ಪ್ರತಿ ಮಗುವಿಗೆ 500 ಡಾಲರ್ ಇತ್ತು. ಪಿಂಚಣಿದಾರರೂ ಒಂದು ಸಣ್ಣ ರಿಟರ್ನ್ ಹಾಕಬೇಕು ಅಂತ ತೆರಿಗೆ ಇಲಾಖೆ ಐಆರ್‌ಎಸ್‌ನವರು ಮೊದಲು ಹೇಳಿದ್ದರು. ಏಪ್ರಿಲ್ 1ಕ್ಕೆ ಆ ಮಾತು ಬದಲಾಯಿತು: ಬೇಡ, ಎಸ್‌ಎಸ್‌ಎ-1099 ದಾಖಲೆ ನೋಡಿಯೇ ಹಣ ಹಾಕುತ್ತೇವೆ ಅಂದರು. ಎಲ್ಲರ ಹಾಗೆ ನಾನೂ ಉಸ್ಸಪ್ಪಾ ಅಂದೆ. ಆದರೆ ಆ 1099ರಲ್ಲಿ ಇರುವುದು ಪಿಂಚಣಿದಾರರ ಹೆಸರು, ನಂಬರು, ವರ್ಷವಿಡೀ ಬಂದ ಮೊತ್ತ. ಅವರ ಮನೆಯಲ್ಲಿ ಎಷ್ಟು ತಟ್ಟೆಗೆ ಬಡಿಸುತ್ತಾರೆ ಅನ್ನುವುದು ಅದರಲ್ಲಿ ಬರುವುದಿಲ್ಲ. ರಿಟರ್ನ್ ಹಾಕದ ಮನೆಯ ಮಕ್ಕಳು ತೆರಿಗೆ ಇಲಾಖೆಯ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಮಕ್ಕಳನ್ನು ಸೇರಿಸಬೇಕಾದರೆ ಐಆರ್‌ಎಸ್‌ನವರು ತೆರೆದಿದ್ದ ‘ನಾನ್-ಫೈಲರ್ಸ್’ (ರಿಟರ್ನ್ ಹಾಕದವರ) ವೆಬ್ ಪುಟದಲ್ಲಿ ನಾವೇ ಹೋಗಿ ತುಂಬಬೇಕಿತ್ತು.

ಏಪ್ರಿಲ್ 20ಕ್ಕೆ ಪ್ರಕಟಣೆ ಬಂತು: ಸೋಷಿಯಲ್ ಸೆಕ್ಯುರಿಟಿ ಪಿಂಚಣಿದಾರರು ಮಕ್ಕಳ ವಿವರ ಸೇರಿಸುವುದಿದ್ದರೆ 22ರ ಮಧ್ಯಾಹ್ನ 12ರೊಳಗೆ ಸೇರಿಸಬೇಕು, ತಪ್ಪಿದರೆ ಮುಂದಿನ ವರ್ಷ 2020ರ ರಿಟರ್ನ್‌ನಲ್ಲಿ ಕೇಳಬೇಕು. ನಾನು ಅದನ್ನು ಓದಿದ್ದು 22ರ ಸಂಜೆ.

ಎಸ್‌ಎಸ್‌ಐ (ಬಡ ವೃದ್ಧರಿಗೆ, ಅಂಗವಿಕಲರಿಗೆ ಸರ್ಕಾರ ಕೊಡುವ ತಿಂಗಳ ನೆರವು) ಪಡೆಯುವವರಿಗೆ, ಮಾಜಿ ಸೈನಿಕರ ಪಿಂಚಣಿಯವರಿಗೆ ಮೇ 5ರವರೆಗೆ ಸಮಯವಿತ್ತು. ನೋಟ್‌ಬುಕ್ಕಿನಲ್ಲಿದ್ದ ಒಬ್ಬೊಬ್ಬರಿಗೂ ನಾನೇ ಫೋನ್ ಮಾಡತೊಡಗಿದೆ. “ಡಿಪೆಂಡೆಂಟ್ಸ್ ಇದ್ದಾರಾ?” ಅಂತ ಕೇಳಿದರೆ ಅರ್ಧ ಜನ ಇಲ್ಲ ಅನ್ನುತ್ತಿದ್ದರು. ಒಬ್ಬ ತಾಯಿ ಹಾಗೆ ಅಂದದ್ದಕ್ಕೆ ಕಾರಣ, ಅಂಗವಿಕಲ ಮಗನ ಹೆಸರಿಗೇ ಬೇರೆ ಚೆಕ್ ಬರುತ್ತಿತ್ತು. ಅವನು ತನ್ನ ಅವಲಂಬಿತ ಅಲ್ಲ ಅಂದುಕೊಂಡಿದ್ದರು. ಆಮೇಲೆ ಪ್ರಶ್ನೆಯನ್ನೇ ಬದಲಿಸಿದೆ: “ಕಳೆದ ವರ್ಷ ನಿಮ್ಮ ಮನೆಯಲ್ಲಿ ಅರ್ಧ ವರ್ಷಕ್ಕಿಂತ ಹೆಚ್ಚು ರಾತ್ರಿ ಮಲಗಿದ ಮಕ್ಕಳು ಯಾರು?” ಆಗ ಹೆಸರುಗಳು ಬರತೊಡಗಿದವು. ಅಕ್ಕನ ಮಗಳು, ಮೊಮ್ಮಗ, ಮಲಮಗ. ಇವರೆಲ್ಲ ಲೆಕ್ಕಕ್ಕೆ ಬರುತ್ತಾರೆ, ಸರ್ಕಾರ ಕೊಡುವ ಗುರುತಿನ ಸಂಖ್ಯೆ, ಅಂದರೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಇದ್ದರೆ.

ಇನ್ನೊಂದು ಭಯ ಎಸ್‌ಎಸ್‌ಐನವರದು. ಒಬ್ಬರ ಕೈಯಲ್ಲಿ 2,000 ಡಾಲರ್‌ಗಿಂತ ಹೆಚ್ಚು ಉಳಿತಾಯ ಇರಬಾರದು ಅನ್ನುವ ನಿಯಮ ಅವರಿಗೆ ಬಾಯಿಪಾಠ. ಪರಿಹಾರದ ಹಣ ತೆಗೆದುಕೊಂಡು ತಿಂಗಳ ಹಣ ಕಳೆದುಕೊಂಡರೆ? ಅದು ಆದಾಯವಲ್ಲ, 12 ತಿಂಗಳು ಉಳಿತಾಯದ ಲೆಕ್ಕಕ್ಕೂ ಹಿಡಿಯುವುದಿಲ್ಲ ಅಂತ ಎಷ್ಟು ಸಲ ಹೇಳಿದೆನೋ. ಡೈರೆಕ್ಟ್ ಎಕ್ಸ್‌ಪ್ರೆಸ್ ಕಾರ್ಡಿನವರದು (ಬ್ಯಾಂಕ್ ಖಾತೆಯ ಬದಲು ಸರ್ಕಾರದ ಹಣ ಈ ಕಾರ್ಡಿಗೇ ಬೀಳುತ್ತಿತ್ತು) ಬೇರೆ ಗೋಳು. ಆ ಪುಟದಲ್ಲಿ ಕಾರ್ಡಿನ ವಿವರ ಕೊಡುವಂತಿರಲಿಲ್ಲ. ಬೇರೆ ಬ್ಯಾಂಕ್ ಖಾತೆ ಇದ್ದರೆ ಅದು, ಇಲ್ಲದಿದ್ದರೆ ಜಾಗ ಖಾಲಿ ಬಿಟ್ಟು ಅಂಚೆಯಲ್ಲಿ ಚೆಕ್ ಬರುವುದನ್ನು ಕಾಯಬೇಕು. ಕೆಲವು ಅರ್ಜಿ ತಿರಸ್ಕೃತವಾಗಿ ವಾಪಸ್ ಬಂದವು. ಬೇರೆ ಕಡೆ ಇರುವ ತಂದೆ ಅದೇ ಮಗುವನ್ನು ತನ್ನ ರಿಟರ್ನ್‌ನಲ್ಲಿ ಮೊದಲೇ ತೋರಿಸಿರುತ್ತಿದ್ದ. ಫೋನಿನಲ್ಲಿ ಕೂತು ಬಿಡಿಸುವ ಜಗಳವಲ್ಲ ಅದು, ಕೈಬಿಟ್ಟೆ.

ಅಜ್ಜಿಗೆ 1,200 ಬಂತು, ಮಕ್ಕಳ 1,000 ಬರಲಿಲ್ಲ. ಫೋನ್ ಮಾಡಿ ತಪ್ಪು ನನ್ನದು ಅಂದೆ. ಬೈಯಲಿಲ್ಲ. “ಕೇಳಿದ್ದೆನಲ್ಲ ನಿನ್ನನ್ನ” ಅಂದರು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಆಗಸ್ಟ್ ಮಧ್ಯದಲ್ಲಿ, ಹೀಗೆ ಮಕ್ಕಳ ಹಣ ತಪ್ಪಿದವರಿಗೆ ಸೆಪ್ಟೆಂಬರ್ 30ರವರೆಗೆ ಮತ್ತೆ ಅವಕಾಶ ಕೊಟ್ಟರು. ಮಾರನೇ ದಿನವೇ ಮಾಸ್ಕ್ ಹಾಕಿಕೊಂಡು ಅಜ್ಜಿಯ ಮನೆ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಅವರು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು, ಬಿಸ್ಕತ್ತಿನ ಡಬ್ಬಿಯಿಂದ ಮಕ್ಕಳ ಸೋಷಿಯಲ್ ಸೆಕ್ಯುರಿಟಿ ಕಾರ್ಡ್ ತೆಗೆದರು. ಚಿಕ್ಕವನದು ನಡುವೆ ಮಡಿಚಿ ಮಡಿಚಿ ಒಂದು ಅಂಕಿ ಅಳಿಸಿಹೋಗಿತ್ತು. ಒಂದೋ ಏಳೋ? ಕನ್ನಡಕ ಮೇಲೆತ್ತಿ ಬೆಳಕಿಗೆ ಹಿಡಿದು ನೋಡಿದರು, ತಿಳಿಯಲಿಲ್ಲ. ಕೊನೆಗೆ ಹುಡುಗನ ಹಳೆಯ ಆಸ್ಪತ್ರೆ ಕಾಗದವೊಂದರಲ್ಲಿ ನಂಬರ್ ಸಿಕ್ಕಿತು: ಏಳು. ಹೆಸರನ್ನು ಕಾರ್ಡಿನಲ್ಲಿದ್ದಂತೆಯೇ ಬರೆದೆ. ಕಳಿಸುವ ಮುಂಚೆ ಅವರು ಒಂದೊಂದೇ ಅಂಕಿ ಗಟ್ಟಿಯಾಗಿ ಓದಿದರು, ನಾನು ಪರದೆ ಮೇಲೆ ಬೆರಳಿಟ್ಟು ಹೌದು, ಹೌದು ಅಂದೆ.

ಅಕ್ಟೋಬರ್ ಕೊನೆಗೆ ಹಣ ಬಂತು. ಬೆನ್ನಿಗೇ ಮೊತ್ತ ತಿಳಿಸುವ ಪತ್ರವೂ ಬಂತು. ಎಸೆಯಬೇಡಿ, ಮುಂದೆ ರಿಟರ್ನ್ ಹಾಕುವಾಗ ಬೇಕಾಗುತ್ತೆ ಅಂದೆ, ಡಬ್ಬಿಗೆ ಸೇರಿತು.

ಡಿಸೆಂಬರ್ ಕೊನೆಗೆ ಎರಡನೇ ಕಂತು ಘೋಷಣೆಯಾಯಿತು, ದೊಡ್ಡವರಿಗೂ ಮಕ್ಕಳಿಗೂ ತಲಾ 600. ಅವರೇ ಫೋನ್ ಮಾಡಿ ಕೇಳಿದರು: “ಈ ಸಲ ತಾನಾಗೇ ಬರುತ್ತಾ?”

“ಆ ಡಬ್ಬಿ ತನ್ನಿ, ಆಗಸ್ಟಿನಲ್ಲಿ ಕಳಿಸಿದ್ದರ ಪ್ರತಿಯಲ್ಲಿ ಇಬ್ಬರ ಹೆಸರೂ ಇದೆಯಾ ನೋಡಿ” ಅಂದೆ. ಫೋನಿನಾಚೆ ಮುಚ್ಚಳ ತೆಗೆದ ಸದ್ದು ಕೇಳಿಸಿತು.